40 ಮೈಕ್ರಾನ್ ಮರ್ಯಾದೆ

ನಮ್ಮ ಕಾರಿಗೆ ಮೊದಲ ಗೀರು ಹಾಕಿದ್ದು ಸಿಲ್ಕ್ ಬೋರ್ಡ್ ಸಿಗ್ನಲ್ಲಿನ ಆಟೋ ಅಲ್ಲ. ಸಂದಿಯಲ್ಲಿ ನುಗ್ಗುವ ಡೆಲಿವರಿ ಹುಡುಗನೂ ಅಲ್ಲ. ನಮ್ಮಮ್ಮ. ಅದೂ ಶೋರೂಮಿನ ಬಾಗಿಲಲ್ಲೇ, ರಾಹುಕಾಲ ಕಳೆದ ಮೇಲೆ, ಒಳ್ಳೇ ಮುಹೂರ್ತದಲ್ಲಿ.

ಹೊಸ ಗಾಡಿ ಬಂದರೆ ಬಾನೆಟ್ ಮೇಲೆ ಅರಿಶಿನ ಕುಂಕುಮದಲ್ಲಿ ಸ್ವಸ್ತಿಕ ಬರೆಯೋದು ನಮ್ಮ ಮನೆ ಪದ್ಧತಿ. ಬರೆಯೋದು ಉಂಗುರದ ಬೆರಳಲ್ಲಿ. ಹೆಸರೇ ಹೇಳುವ ಹಾಗೆ ಆ ಬೆರಳಲ್ಲಿ ಉಂಗುರ ಇರುತ್ತದೆ. ಅಮ್ಮನ ಬೆರಳು ಈಚೆಗೆ ತೆಳ್ಳಗಾಗಿದೆ. ಉಂಗುರ ಸಡಿಲ. ಹರಳು ತಿರುಗಿಕೊಂಡು ಅಂಗೈ ಕಡೆ ಬಂದಿತ್ತು. ಅಮ್ಮ ಭಕ್ತಿಯಿಂದ ಒತ್ತಿ ಒತ್ತಿ ಬರೆದಳು. ನಾನು ಫೋಟೋ ತೆಗೆಯುತ್ತಿದ್ದೆ. ಮೂರು ದಿನ ಬಿಟ್ಟು ಅರಿಶಿನ ಒರೆಸಿದೆ. ಸ್ವಸ್ತಿಕ ಹೋಯಿತು. ಕಾರನ್ನು ಬಿಸಿಲಿಗೆ ತಂದೆ. ಸ್ವಸ್ತಿಕ ವಾಪಸ್ ಬಂತು.

ಇದರಲ್ಲಿ ನನ್ನ ತಪ್ಪೂ ಇದೆ. ಕಪ್ಪು ಬಣ್ಣ ಆರಿಸಿದ್ದು ನಾನು. ‘ಕಬ್ಬಿಣದ ಸಾಮಾನು, ಅದೂ ಕಪ್ಪು, ಶನಿಗೆ ತುಂಬಾ ಇಷ್ಟ’ ಎಂದು ಅಮ್ಮ ಎಚ್ಚರಿಸಿದ್ದಳು. ಹೆಂಡತಿ ಬಿಳಿ ತಗೊಳ್ಳೋಣ ಎಂದಿದ್ದಳು. ಶೋರೂಮಿನ ದೀಪದಲ್ಲಿ ಕಪ್ಪು ಕಾರು ಕೃಷ್ಣನ ವಿಗ್ರಹದ ಹಾಗೆ ಹೊಳೆಯುತ್ತಿತ್ತು. ಬೆಂಗಳೂರಿನ ರಸ್ತೆಗೆ ಬಂದ ಅರ್ಧ ಗಂಟೆಗೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದ ಹಾಗಾಯಿತು. ಬಿಳಿ ಕಾರು ಗೀರನ್ನು ನುಂಗಿಕೊಳ್ಳುತ್ತದೆ. ಕಪ್ಪು ಕಾರು ಬೀದಿಗೆಲ್ಲಾ ಹೇಳಿಕೊಂಡು ಬರುತ್ತದೆ.

ಸ್ವಸ್ತಿಕ ಕಂಡ ರಾತ್ರಿ ನಾನು ಬಣ್ಣದ ವಿಷಯ ಓದಲು ಕೂತೆ. ಓದಬಾರದಿತ್ತು. ತಗಡಿನ ಮೇಲೆ ಮೊದಲು ತುಕ್ಕು ಹಿಡಿಯದ ಹಾಗೆ ಒಂದು ಪದರ. ಅದನ್ನು ಹಚ್ಚೋದು ಬ್ರಷ್ಷಿನಲ್ಲಲ್ಲ, ಇಡೀ ಬಾಡಿಯನ್ನು ತೊಟ್ಟಿಯಲ್ಲಿ ಮುಳುಗಿಸಿ ಕರೆಂಟ್ ಹರಿಸಿ. ಮೇಲೆ ಪ್ರೈಮರ್. ಅದರ ಮೇಲೆ ನಾವು ‘ಕಲರ್’ ಅನ್ನುವ ಬೇಸ್ ಕೋಟ್. ಕೊನೆಗೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ಹೊಳಪೆಲ್ಲಾ ಇದರದ್ದೇ, ಬಿಸಿಲಿಗೆ ಮೈ ಒಡ್ಡುವುದೂ ಇದೇ. ಎಲ್ಲಾ ಸೇರಿ ಸುಮಾರು 100ರಿಂದ 130 ಮೈಕ್ರಾನ್. ಮೈಕ್ರಾನ್ ಅಂದರೆ ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಅದರಲ್ಲಿ ಕ್ಲಿಯರ್ ಕೋಟಿನ ಪಾಲು 40, ಹೆಚ್ಚೆಂದರೆ 50. ತಲೆಕೂದಲಿನ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಐದು ವರ್ಷ ಇಎಂಐ ಕಟ್ಟಬೇಕಾದ ನನ್ನ ಮರ್ಯಾದೆ ಒಂದು ಕೂದಲಿಗಿಂತ ತೆಳುವು. ಕೂದಲಿನ ವಿಷಯದಲ್ಲಿ ನಾನು ಆಗಲೇ ಸೋತಿದ್ದೆ. ಇದನ್ನಾದರೂ ಉಳಿಸಿಕೊಳ್ಳೋಣ ಎಂದುಕೊಂಡೆ.

ಮೊದಲ ಜಗಳ ನಮ್ಮ ಬನಶಂಕರಿ ಅಪಾರ್ಟ್‌ಮೆಂಟಿನ ಕಾರು ತೊಳೆಯುವವನ ಜೊತೆ. ಒಳ್ಳೆಯವನು, ಬೆಳಿಗ್ಗೆ ಐದೂವರೆಗೇ ಬರುತ್ತಾನೆ. ಹದಿನಾಲ್ಕು ಕಾರಿಗೆ ಒಂದೇ ಬಕೆಟ್, ಒಂದೇ ಬಟ್ಟೆ. ಆ ಬಟ್ಟೆ ಒಂದು ಕಾಲದಲ್ಲಿ ಯಾರದೋ ಬನಿಯನ್ ಆಗಿತ್ತು. ನನ್ನ ಕಾರಿನ ಸರದಿ ಹನ್ನೆರಡನೆಯದು. ಅಷ್ಟು ಹೊತ್ತಿಗೆ ಬಕೆಟ್ಟಿನ ನೀರು ರಾಗಿ ಅಂಬಲಿ. ಅದರಲ್ಲಿರುವ ಮರಳೆಲ್ಲಾ ಬಟ್ಟೆಗೆ, ಬಟ್ಟೆಯಿಂದ ನನ್ನ ಬಾನೆಟ್ಟಿಗೆ. ಮಧ್ಯಾಹ್ನದ ಬಿಸಿಲಲ್ಲಿ ನೋಡಿದರೆ ಸೂರ್ಯನ ಸುತ್ತ ಜೇಡರ ಬಲೆ ಕಟ್ಟಿದ ಹಾಗೆ ಗೆರೆಗಳು. ಇದಕ್ಕೆ ಸ್ವರ್ಲ್ ಮಾರ್ಕ್ ಅನ್ನುತ್ತಾರೆ.

‘ಎರಡು ಬಕೆಟ್ ಇಟ್ಕೋಪ್ಪಾ’ ಎಂದು ಪಾಠ ಮಾಡಿದೆ. ‘ಒಂದರಲ್ಲಿ ಶಾಂಪೂ ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸೋ ನೀರು. ಮೊದಲು ಬರೀ ನೀರು ಹಾಕಿ ಧೂಳು ಇಳಿಸು. ಒಣಗಿದ್ದಾಗ ಉಜ್ಜಲೇಬೇಡ. ಮೇಲಿಂದ ಕೆಳಗೆ ಬಾ. ಚಕ್ರದ ಬಟ್ಟೆ ಬೇರೆ.’

ಅವನು ಪೂರ್ತಿ ಕೇಳಿಸಿಕೊಂಡ. ‘ಸಾರ್, ನಮ್ ಮದುವೇಲಿ ನನಗೂ ಇಷ್ಟು ಎಣ್ಣೆಸ್ನಾನ ಮಾಡಿಸಿಲ್ಲ’ ಎಂದ.

ಸರಿ, ನಾನೇ ತೊಳೆಯುತ್ತೇನೆ ಎಂದು ಹೊರಟೆ. ಎರಡು ಬಕೆಟ್, ಕಾರಿನ ಶಾಂಪೂ, ಮೈಕ್ರೋಫೈಬರ್ ಬಟ್ಟೆ ಎಲ್ಲಾ ತಂದೆ. ನನ್ನ ಹಣೆಬರಹ, ಅದು 2024ರ ಮಾರ್ಚ್. ಊರೆಲ್ಲಾ ಬೋರ್‌ವೆಲ್ ಒಣಗಿತ್ತು. ಕುಡಿಯುವ ನೀರಲ್ಲಿ ವಾಹನ ತೊಳೆದರೆ 5000 ರೂಪಾಯಿ ದಂಡ ಎಂದು ಜಲಮಂಡಳಿ ಅದೇ ತಿಂಗಳು ಆದೇಶ ಹೊರಡಿಸಿತು. ಅಪಾರ್ಟ್‌ಮೆಂಟಿನವರು ಟ್ಯಾಂಕರಿಗೆ ಕಾದು ಕೂತಿದ್ದಾಗ ನಾನೊಬ್ಬ ಎರಡು ಖಾಲಿ ಬಕೆಟ್ ಹಿಡಿದು ಲಿಫ್ಟಿನಿಂದ ಇಳಿದೆ. ಮೂರನೇ ಮಹಡಿಯ ಆಂಟಿ ನೋಡಿದ ನೋಟಕ್ಕೆ ಕ್ಲಿಯರ್ ಕೋಟೇ ಸುಲಿದುಹೋಗಬೇಕಿತ್ತು. ‘ಗಿಡಕ್ಕೆ’ ಎಂದು ಸುಳ್ಳು ಹೇಳಿದೆ. ಗಿಡಕ್ಕೆ ಹಾಕುವುದಕ್ಕೂ ದಂಡ ಇತ್ತಂತೆ.

ಮಳೆಗಾಲ ಬಂದು ನೀರಿನ ತಾಪತ್ರಯ ಮುಗಿಯುವ ಹೊತ್ತಿಗೆ ನನ್ನ ಮೈಕ್ರೋಫೈಬರ್ ಬಟ್ಟೆ ಅಡುಗೆಮನೆ ಸೇರಿತ್ತು. ‘ರೀ, ಸ್ಟೌ ಕಟ್ಟೆ ಎಷ್ಟು ಚೆನ್ನಾಗಿ ಒರೆಸುತ್ತೆ ಗೊತ್ತಾ’ ಎಂದು ಹೆಂಡತಿ ಹೊಗಳಿದಳು. ಅದನ್ನು ಬಿಡಿಸಿಕೊಂಡು ಬಂದು, ನೊರೆ ಮಾಡಿ, ಮೆತ್ತಗೆ, ಮಗುವಿನ ಬೆನ್ನು ಉಜ್ಜುವ ಹಾಗೆ ಎಡ ಬಾಗಿಲು ಒರೆಸಿದೆ. ಏನೋ ಕಿರ್ರ್ ಅಂತು. ಬಟ್ಟೆ ಬಿಡಿಸಿ ನೋಡಿದರೆ ನೂಲಿನ ನಡುವೆ ಒಗ್ಗರಣೆಯ ಸಾಸಿವೆ, ಜೊತೆಗೆ ಹೊತ್ತಿ ಕರಕಲಾದ ಕಡಲೆಬೇಳೆ. ಆ ಬಾಗಿಲಿನ ಗೀರಿಗೆ ನಾನು ಈಗಲೂ ಚಿತ್ರಾನ್ನದ ಗೀರು ಅನ್ನುತ್ತೇನೆ.

ಇನ್ನು ಪಾರ್ಕಿಂಗು. ಹೊರಗೆ ಹೊಂಗೆ ಮರದ ಕೆಳಗೆ ನಿಲ್ಲಿಸಿದರೆ ತಂಪು. ಆದರೆ ಹೂ ಉದುರುತ್ತದೆ, ಅಂಟು ತೊಟ್ಟಿಕ್ಕುತ್ತದೆ, ಮೇಲೆ ಕಾಗೆಗಳ ಸಂಸಾರ. ಹಕ್ಕಿ ಹಿಕ್ಕೆಯಲ್ಲಿ ಯೂರಿಕ್ ಆಸಿಡ್ ಇರುತ್ತದೆ. ಬಿಸಿಲಿಗೆ ಬಾನೆಟ್ ಕಾದಾಗ ಕ್ಲಿಯರ್ ಕೋಟ್ ಮೆತ್ತಗಾಗಿ ಹಿಗ್ಗುತ್ತದೆ. ರಾತ್ರಿ ತಣ್ಣಗಾದಾಗ, ಒಣಗಿ ಗಟ್ಟಿಯಾದ ಹಿಕ್ಕೆಯ ಸುತ್ತ ಬಿಗಿಯಾಗಿ ಕುಗ್ಗುತ್ತದೆ. ಒಂದೆರಡು ದಿನ ಬಿಟ್ಟರೆ ಒರೆಸಿದ ಮೇಲೂ ಅಚ್ಚು ಉಳಿಯುತ್ತದೆ. ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕು, ಉಗುರಲ್ಲಿ ಕೆರೆಯಬಾರದು. ಇದು ಗೊತ್ತಾದ ಮೇಲೆ ನಾನು ಆಫೀಸಿನ ಊಟದ ಹೊತ್ತಲ್ಲಿ ನೀರಿನ ಬಾಟ್ಲಿ ಹಿಡಿದು ಮರದ ಕೆಳಗೆ ಸುತ್ತುತ್ತಿದ್ದೆ. ಸೆಕ್ಯುರಿಟಿಯವರು ಎರಡು ಸಲ ಐಡಿ ಕಾರ್ಡ್ ಕೇಳಿದರು.

ಬೇಸ್‌ಮೆಂಟೇ ವಾಸಿ ಎಂದು ಒಳಗೆ ನಿಲ್ಲಿಸಿದೆ. ಅಲ್ಲಿ ಕಾಗೆ ಇಲ್ಲ. ಕಾಂಕ್ರೀಟ್ ಸೋರುತ್ತದೆ! ಸ್ಲ್ಯಾಬಿನೊಳಗಿನ ಸುಣ್ಣ ಕರಗಿಸಿಕೊಂಡು ಬಂದ ನೀರು ತೊಟ್ಟು ತೊಟ್ಟಾಗಿ ಬಾನೆಟ್ ಮೇಲೆ ಬಿದ್ದು, ಒಣಗಿ, ಬಿಳಿ ಬಿಳಿಯಾಗಿ ಕಚ್ಚಿಕೊಂಡಿತ್ತು. ಸೋಪು ಹಾಕಿದೆ, ಜಪ್ಪಯ್ಯ ಎನ್ನಲಿಲ್ಲ. ಅಮ್ಮ ಕೆಳಗಿಳಿದು ಬಂದು ನೋಡಿದಳು. ‘ಇದಕ್ಯಾಕೋ ಇಷ್ಟು ಒದ್ದಾಟ? ಹಂಡೆಗೆ ಹಚ್ಚೋ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕು’ ಎಂದಳು. ನನಗೆ ನಗು ಬಂತು. ಆಮೇಲೆ ವಿಚಾರಿಸಿದರೆ, ಸುಣ್ಣ ಬಿಡಿಸಲು ಹುಳಿಯೇ ಬೇಕು, ವಿನೆಗರ್‌ಗೆ ನೀರು ಬೆರೆಸಿ ಸ್ವಲ್ಪ ಹೊತ್ತು ಇಟ್ಟು ತೊಳೆಯಿರಿ ಎಂದರು. ಅಮ್ಮನ ಕೆಮಿಸ್ಟ್ರಿ ಸರಿಯಾಗಿತ್ತು. ‘ತಿಕ್ಕು’ ಅನ್ನೋದೊಂದೇ ಹೆಚ್ಚಾಗಿತ್ತು.

ಕೊನೆಗೆ, ಬಣ್ಣದ ಮೇಲೆ ಇನ್ನೊಂದು ಗಟ್ಟಿ ಪದರ ಹಚ್ಚುವ ಸೆರಾಮಿಕ್ ಕೋಟಿಂಗಿಗೆ ಹೋದೆ. ಅಂಗಡಿಯ ಹುಡುಗ ಪುಟ್ಟ ಯಂತ್ರವೊಂದನ್ನು ಬಾನೆಟ್ ಮೇಲೆ ಅಲ್ಲಲ್ಲಿ ಇಟ್ಟು ಬಣ್ಣದ ದಪ್ಪ ನೋಡಿದ. ‘118, 121, ಪರವಾಗಿಲ್ಲ ಸಾರ್’ ಎಂದ. ಬಿಪಿ ನೋಡಿಸಿಕೊಂಡ ಹಾಗಾಯಿತು. ಆಮೇಲೆ ಅವನ ಕಣ್ಣು ಸ್ವಸ್ತಿಕದ ಮೇಲೆ ಬಿತ್ತು. ‘ಇದು ಸ್ವಲ್ಪ ಆಳ ಇದೆ ಸಾರ್. ಪಾಲಿಶ್ ಅಂದ್ರೆ ಗೀರು ತುಂಬೋದಲ್ಲ, ಸುತ್ತ ಇರೋದನ್ನ ತೇಯೋದು. ಪೂರ್ತಿ ತೆಗೆಯೋಕೆ ಹೋದ್ರೆ ಕ್ಲಿಯರ್ ಕೋಟೇ ಹೋಗುತ್ತೆ. ದೇವರದ್ದಲ್ವಾ, ಮಸುಕು ಮಾಡಿ ಬಿಟ್ಬಿಡ್ತೀನಿ.’

ಕೋಟಿಂಗಿನ ಗಟ್ಟಿತನ 9ಎಚ್ ಎಂದ. ವಜ್ರಕ್ಕಿಂತ ಒಂದೇ ಮೆಟ್ಟಿಲು ಕೆಳಗೆ ಎಂದು ನಾನು ತಿಳಿದು ದುಡ್ಡು ಕೊಟ್ಟೆ. ಆಮೇಲೆ ಗೊತ್ತಾಯಿತು, ಅದು ಪೆನ್ಸಿಲ್ಲಿನ ಎಚ್. ಶಾಲೆಯ ಡ್ರಾಯಿಂಗ್ ಪೀರಿಯಡ್ಡಿನ ಎಚ್‌ಬಿ, 2ಎಚ್ ಇತ್ತಲ್ಲ, ಅದೇ ಸಾಲಿನದು. 9ಎಚ್ ಪೆನ್ಸಿಲ್ ಎಳೆದರೂ ಗೀರು ಬೀಳಲ್ಲ ಅಂತ ಅರ್ಥ. ಬೆಂಗಳೂರಿನಲ್ಲಿ ಪೆನ್ಸಿಲ್ ಹಿಡಿದು ಕಾರಿನ ಮೇಲೆ ಬರುವವರು ಯಾರಿದ್ದಾರೆ? ಬರುವುದು ಆಟೋ ಬಂಪರ್, ಬೈಕಿನ ಬ್ರೇಕ್ ಲಿವರ್, ಬೀಗದ ಕೈ. ಅದಕ್ಕೆಲ್ಲಾ ಮೈತುಂಬಾ ಪಿಪಿಎಫ್ ಅನ್ನುವ ಪಾರದರ್ಶಕ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಬೇಕು, ಅದು 150 ಮೈಕ್ರಾನಿಗಿಂತ ದಪ್ಪ ಇರುತ್ತದೆ ಎಂದ. ರೇಟು ಕೇಳಿದೆ. ಮನೆಗೆ ಬಂದೆ.

ಕೋಟಿಂಗ್ ಸುಳ್ಳಲ್ಲ ಮತ್ತೆ. ಮಳೆ ನೀರು ಕೆಸುವಿನ ಎಲೆ ಮೇಲಿನ ಹಾಗೆ ಮುತ್ತು ಮುತ್ತಾಗಿ ಉರುಳುತ್ತಿತ್ತು. ಧೂಳು ಕೂರುತ್ತಿತ್ತು, ಆದರೆ ಕಚ್ಚಿಕೊಳ್ಳುತ್ತಿರಲಿಲ್ಲ. ಕೈ ಇಟ್ಟರೆ ಸರ್ರನೆ ಜಾರುವಷ್ಟು ನುಣುಪು.

ಆಯುಧಪೂಜೆ ಬಂತು. ಸೇವಂತಿಗೆ ಹಾರ ಬಂತು, ಟೈರಿನ ಕೆಳಗೆ ನಿಂಬೆಹಣ್ಣು ಬಂತು, ಬೂದುಗುಂಬಳವೂ ಬಂತು. ಹಾರವನ್ನು ಟೇಪ್ ಹಾಕಿ ಅಂಟಿಸಬೇಡಿ, ದಾರ ಕಟ್ಟಿ ಎಂದು ಎಲ್ಲರಿಗೂ ಹೇಳಿದ್ದೆ. ಅಮ್ಮ ಅರಿಶಿನದ ಬಟ್ಟಲು ಹಿಡಿದು ಬಾನೆಟ್ ಹತ್ತಿರ ಬಂದಳು. ಈ ಸಲ ನಾನು ತಯಾರಿದ್ದೆ.

‘ಅಮ್ಮಾ, ಒಂದ್ನಿಮಿಷ. ಉಂಗುರ ತೆಗೆದುಬಿಡು. ಆಮೇಲೆ ಬರಿ, ಎಷ್ಟು ದೊಡ್ಡದು ಬೇಕಾದರೂ.’

ಅಮ್ಮ ಬೇಜಾರು ಮಾಡಿಕೊಳ್ಳಲಿಲ್ಲ. ‘ಅಷ್ಟೇ ತಾನೇ’ ಎಂದಳು. ಉಂಗುರ ತೆಗೆದಳು. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯ ಬೆರಳಿಗೆ ಆಗಲೇ ಅರಿಶಿನ. ಆ ಕಡೆ ಈ ಕಡೆ ನೋಡಿ, ಉಂಗುರವನ್ನು ಜೋಪಾನವಾಗಿ ಬಾನೆಟ್ ಮೇಲೆ, ಗಾಜಿನ ಹತ್ತಿರ ಇಟ್ಟಳು.

ಹರಳು ಕೆಳಗಾಗಿ ಕೂತ ಉಂಗುರ ಅರೆಕ್ಷಣ ಯೋಚಿಸಿತು. ಆಮೇಲೆ ಇಳಿಜಾರು ಹಿಡಿದು ಹೊರಟಿತು. ಮಸುಕಾದ ಹಳೆಯ ಸ್ವಸ್ತಿಕದ ಮೇಲೇ ಹಾದು, ಬಾನೆಟ್ಟಿನ ಉದ್ದಕ್ಕೂ ಇಳಿದು, ಗ್ರಿಲ್ ದಾಟಿ ಟಣ್ ಎಂದು ನೆಲಕ್ಕೆ ಬಿತ್ತು. ಅಮ್ಮ ಗಾಬರಿಯಿಂದ ಬಗ್ಗಿ ಎತ್ತಿಕೊಂಡಳು. ಸೆರಗಿನಲ್ಲಿ ಒರೆಸಿದಳು. ಬಿಸಿಲಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದಳು.

‘ಸದ್ಯ ಕಣೋ’ ಎಂದಳು. ‘ಹರಳಿಗೆ ಒಂದು ಗೀರೂ ಬಿದ್ದಿಲ್ಲ.’