ಪಿಕೆಯು ಮಗುವಿಗೆ ಮೀನು, ಮಾಂಸ ಬಿಟ್ಟರಷ್ಟೇ ಸಾಲದು

ತೀರ್ಥಹಳ್ಳಿ, ಸಾಗರದ ಕಡೆ ವಾಟ್ಸಾಪ್‌ನಲ್ಲಿ ಒಂದು ಸಂದೇಶ ಓಡಾಡುತ್ತಿದೆ: ಪಿಕೆಯು (ಫೀನೈಲ್‌ಕೀಟೋನೂರಿಯಾ ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆ) ಇರುವ ಮಗುವಿಗೆ ಮೀನು, ಮಾಂಸ ಬಿಟ್ಟರೆ ಸಾಕು, ಹಾಲು ಬೇಳೆ ಧಾರಾಳ ಕೊಡಿ, ಆರು ವರ್ಷದ ಮೇಲೆ ಪಥ್ಯ ಬೇಡ. ಇದು ತಪ್ಪು. ಅಪಾಯ ಕೂಡ.

ಫೀನೈಲ್‌ಕೀಟೋನೂರಿಯಾದಲ್ಲಿ ಪ್ರೋಟೀನ್‌ನ ಫೀನೈಲಲನೈನ್ ಅಂಶವನ್ನು ದೇಹ ಸರಿಯಾಗಿ ಒಡೆಯುವುದಿಲ್ಲ. ಅದು ರಕ್ತದಲ್ಲಿ ಜಾಸ್ತಿಯಾದರೆ ಮಿದುಳಿಗೆ ಪೆಟ್ಟು. ಹಾಲು, ಮೊಸರು, ಬೇಳೆ, ಹಲಸಿನ ಬೀಜ ಎಲ್ಲದರಲ್ಲೂ ಅದು ಇದೆ. ನಮ್ಮ ಅಕ್ಕಿ ಕಡುಬನ್ನೂ ಅಳೆದೇ ಕೊಡಬೇಕು. ಹಾಗಂತ ಪೂರ್ತಿ ನಿಲ್ಲಿಸುವಂತಿಲ್ಲ. ಬೆಳೆಯಲು ಫೀನೈಲಲನೈನ್ ಸ್ವಲ್ಪ ಬೇಕೇ ಬೇಕು, ಜೊತೆಗೆ ವಿಶೇಷ ಫಾರ್ಮುಲಾ (ಫೀನೈಲಲನೈನ್ ಇಲ್ಲದ ಅಥವಾ ತೀರಾ ಕಡಿಮೆ ಇರುವ ಪ್ರೋಟೀನ್ ಆಹಾರ). ಎಷ್ಟು ಅನ್ನುವುದನ್ನು ರಕ್ತಪರೀಕ್ಷೆ ನೋಡಿ ವೈದ್ಯರೇ ಹೇಳಬೇಕು.

ಹಿಂದೆ ಬಾಲ್ಯದಲ್ಲೇ ಪಥ್ಯ ಬಿಡಿಸುತ್ತಿದ್ದದ್ದು ನಿಜ. ಬಿಟ್ಟ ಮೇಲೆ ಹಲವರ ಗಮನ, ಕಲಿಕೆ ಕುಂದಿತು. ಅದಕ್ಕೇ ಈಗ ಜೀವನಪೂರ್ತಿ ಪಥ್ಯ ಅನ್ನುತ್ತಾರೆ. ದಯವಿಟ್ಟು ಆ ಸಂದೇಶವನ್ನು ಮುಂದೆ ಕಳಿಸಬೇಡಿ.