ಅಭ್ಯಾಸದ ಬಾಗಿಲಿಗೆ ‘ನಾಳೆ ಬಾ’

ಊರಲ್ಲಿ ಒಂದು ಕಾಲಕ್ಕೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸು ಹೋಗಬೇಕು. ಮರುದಿನ ಬಂದರೂ ಅದೇ ಬರಹ, ಮತ್ತೆ ವಾಪಸು. ದೆವ್ವಕ್ಕೆ ಅಕ್ಷರ ಬರುತ್ತದೆ, ಬುದ್ಧಿ ಮಾತ್ರ ಇಲ್ಲ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ ಅದು. ಮುಂಬೈ ಕಡೆಯ ಡೊಂಬಿವಲಿಗೋ ಮುಲುಂಡಿಗೋ ಬಂದು ನೆಲೆಸಿದ ಕನ್ನಡಿಗರು ದೆವ್ವವನ್ನು ಊರಲ್ಲೇ ಬಿಟ್ಟರು, ಬರಹವನ್ನು ಜೊತೆಗೇ ತಂದರು. ವಾಕಿಂಗ್ ಬಂದು ಬಾಗಿಲು ತಟ್ಟಿದರೆ ‘ನಾಳೆ ಬಾ’. ಪ್ರಾಣಾಯಾಮಕ್ಕೆ ‘ಸೋಮವಾರ ಬಾ’. ಮಗನಿಗೆ ಕನ್ನಡ ಅಕ್ಷರ ಕಲಿಸುವ ಕೆಲಸಕ್ಕೆ ‘ಗಣಪತಿ ಹಬ್ಬ ಮುಗಿಯಲಿ, ಆಮೇಲೆ ನೋಡುವಾ’.

ಸೋಮವಾರಕ್ಕೆ ಈ ಪರಿ ಬೇಡಿಕೆ ಇರುವುದು ಸುಮ್ಮನೆ ಅಲ್ಲ. ವಾರ, ತಿಂಗಳು, ವರ್ಷ ಶುರುವಾದಾಗ ಜಿಮ್ಮಿಗೆ ಹೋಗುವವರು ಹೆಚ್ಚುತ್ತಾರೆಂದು ಅಮೆರಿಕದ ಸಂಶೋಧಕರು 2014ರಲ್ಲೇ ತೋರಿಸಿದ್ದಾರೆ. ಹಳೆಯ ಸೋಲೆಲ್ಲ ಹೋದ ವಾರದ ಖಾತೆಗೆ ಜಮೆ, ಹೊಸ ಪುಟ ಖಾಲಿ. ತೊಂದರೆ ಏನೆಂದರೆ, ಹೊಸ ಪುಟ ಕಂಡ ಉತ್ಸಾಹದಲ್ಲಿ ನಾವು ಗೋಣಿಯನ್ನೂ ಎತ್ತೆತ್ತಿ ಒಗೆಯುವ ಅಗಸರಾಗುತ್ತೇವೆ. ಮೊದಲ ದಿನವೇ ಐದು ಕಿಲೋಮೀಟರು. ಎರಡನೇ ದಿನ ಮೀನಖಂಡ ಹಿಡಿದುಕೊಂಡು ಲೋಕಲ್ ರೈಲು ಹತ್ತುವುದೇ ವ್ಯಾಯಾಮ. ಮೂರನೇ ದಿನ, “ರೀ, ಇವತ್ತು ಹೋಗ್ಲಿಲ್ವಾ?” “ಮಳೆ ಬರೋ ಹಾಗಿದೆ ಕಣೇ.” ಮುಂಬೈಯಲ್ಲಿ, ಡಿಸೆಂಬರಿನಲ್ಲಿ! ನಿಜವಾದ ಮಳೆ ಜೂನ್‌ನಲ್ಲಿ ಬಂದಾಗ ಆ ಶೂ ಒಳಗೆ ಬೂಷ್ಟು ಹಿಡಿದಿರುತ್ತದೆ.

ಈಗಲೇ ಶುರು ಮಾಡಬೇಕಾದರೆ ಮುಹೂರ್ತ ಬೇಡ, ಒಂದು ಕೊಕ್ಕೆ ಬೇಕು. ದಿನಾ ತಪ್ಪದೆ ನಡೆಯುವ ಯಾವುದಾದರೂ ಕೆಲಸಕ್ಕೆ ಹೊಸದನ್ನು ಸಿಕ್ಕಿಸಬೇಕು. ಅಲಾರ್ಮು ಕೊಕ್ಕೆಯಲ್ಲ, ಅದರ ಬಾಯಿ ಮುಚ್ಚಲು ಒಂದು ಬೆರಳು ಸಾಕು. ನಲ್ಲಿಯಲ್ಲಿ ನೀರು ಬರುವ ಹೊತ್ತು ತಪ್ಪುವುದಿಲ್ಲ ನಿಜ, ಆದರೆ ಆಗ ಎರಡೂ ಕೈಯಲ್ಲಿ ಬಕೆಟ್. ಲೋಕಲ್‌ನಲ್ಲಿ ಬ್ಯಾಗು ಎದೆಗೆ, ಒಂದು ಕೈ ಹಿಡಿಕೆಗೆ, ಇನ್ನೊಂದು ಯಾರ ಬೆನ್ನಿನ ಹಿಂದೆ ಉಳಿಯಿತೋ ಥಾಣೆ ನಿಲ್ದಾಣ ದಾಟುವವರೆಗೆ ತಿಳಿಯುವುದಿಲ್ಲ. ಕೈ ಖಾಲಿ ಇರುವ ಕೊಕ್ಕೆ ಬೇಕು.

ಅದು ಕಾಫಿ ಫಿಲ್ಟರು. ಇಬ್ಬರಿಗಾದರೆ ಮೇಲಿನ ಪಾತ್ರೆಗೆ ಮೂರು ದೊಡ್ಡ ಚಮಚ ಪುಡಿ ಹಾಕಿ, ಬಿಲ್ಲೆಯಿಂದ ಹಗುರಾಗಿ ಒತ್ತಿ, ಕುದಿದ ನೀರನ್ನು ಸುಮಾರು 150 ಮಿ.ಲೀ. ಸುತ್ತಲೂ ಸುರಿದು ಮುಚ್ಚಬೇಕು. ಡಿಕಾಕ್ಷನ್ ಇಳಿಯಲು 15ರಿಂದ 20 ನಿಮಿಷ. ಆಫೀಸಿನ ಸಿಟ್ಟನ್ನೆಲ್ಲ ಬಿಲ್ಲೆಯ ಮೇಲೆ ತೀರಿಸಿದರೆ ಒಂದು ಹನಿಯೂ ಇಳಿಯದು. ಸಡಿಲ ಬಿಟ್ಟರೆ ಎರಡೇ ನಿಮಿಷಕ್ಕೆ ಬಣ್ಣದ ನೀರು. ಚಿಕೋರಿ ಹೆಚ್ಚಿದ್ದರೆ ನೀರು ಕುಡಿದು ಉಬ್ಬಿ ಇನ್ನೂ ತಡ. ತಟ್ಟಿ, ಕುಟ್ಟಿ, ಬೈದು ಪ್ರಯೋಜನವಿಲ್ಲ. ಕಲ್ಯಾಣ್ ನಿಲ್ದಾಣದಿಂದ ಕೊನೆಯ ಸ್ಟೇಷನ್ ಸಿಎಸ್‌ಎಂಟಿವರೆಗೆ ಯಾರೂ ನಿಮ್ಮಿಂದ ಏನನ್ನೂ ಕೇಳದ ಹೊತ್ತೆಂದರೆ ಇದೊಂದೇ, ಟಪ್ ಟಪ್ ಎನ್ನುವ ಕಾಲು ಗಂಟೆ.

ಈ ಹೊತ್ತಿಗೆ ಅಕ್ಷರಾಭ್ಯಾಸವನ್ನು ಸಿಕ್ಕಿಸಿ ನೋಡಿ. ಫಿಲ್ಟರ್ ಮುಚ್ಚಿದ ಕೂಡಲೇ ಮಗನಿಂದ ಒಂದೇ ಒಂದು ಅಕ್ಷರ, ಐದು ಸಲ. ಎರಡು ನಿಮಿಷಕ್ಕೆ ಮುಗಿಯಬೇಕು. ಅವನಾಗಿ ಇನ್ನೊಂದು ಕೇಳಿದರೂ ಮೊದಲ ವಾರ ಕೊಡಬೇಡಿ. ಕಾಪಿ ಪುಸ್ತಕವನ್ನು ಹಿಂದಿನ ರಾತ್ರಿಯೇ ಕಾಫಿಪುಡಿ ಡಬ್ಬಿಯ ಮೇಲಿಡಿ, ಅದನ್ನು ಎತ್ತದೆ ಪುಡಿ ಸಿಗಬಾರದು. ಫೋನು ಹಾಲ್‌ನಲ್ಲೇ ಇರಲಿ. ಅಡುಗೆಮನೆಗೆ ಬಂದರೆ ಊರಿನ ಬಳಗದ ನಲವತ್ತು ‘ಶುಭೋದಯ’ ನೋಡುವಷ್ಟರಲ್ಲಿ ಹಾಲು ಉಕ್ಕಿ ಒಲೆಯ ಪಾಲು.

ಮುಂಬೈ ಮಕ್ಕಳಿಗೆ ಇದು ಅಂದುಕೊಂಡಷ್ಟು ಕಷ್ಟವಲ್ಲ. ಶಾಲೆಯಲ್ಲಿ ಮರಾಠಿ ಕಲಿತವರಿಗೆ ಕ, ಖ, ಗ, ಘ ಕ್ರಮ ಬಾಯಿಗೆ ಬಂದೇ ಇರುತ್ತದೆ. ಬೇರೆ ಊರಿನವರ ನಾಲಿಗೆಗೆ ಕಷ್ಟವಾಗುವ ‘ಳ’ ಕೂಡ ಮರಾಠಿಯಲ್ಲಿದೆ. ಆಕಾರ ಮಾತ್ರ ಹೊಸದು. ಎಡವುವುದು ಎ-ಏ, ಒ-ಓಗಳಲ್ಲಿ. ಅಲ್ಲಿ ಒಂದೊಂದೇ ಇದ್ದದ್ದು ಇಲ್ಲಿ ಜೋಡಿಯಾಗಿ ನಿಲ್ಲುತ್ತದೆ. ಆ ನಾಲ್ಕಕ್ಕೆ ಎರಡೆರಡು ಬೆಳಗು ಕೊಟ್ಟರೂ ನಷ್ಟವಿಲ್ಲ.

ಎಷ್ಟು ದಿನ? ‘21 ದಿನದಲ್ಲಿ ಅಭ್ಯಾಸ’ ಎಂಬ ಮಾತಿನ ಮೂಲ, 1960ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಒಬ್ಬರು ಬರೆದದ್ದು. ತಿದ್ದಿದ ಮೂಗಿಗೆ ರೋಗಿ ಹೊಂದಿಕೊಳ್ಳಲು ಕಡಿಮೆಯೆಂದರೂ ಅಷ್ಟು ದಿನ ಬೇಕು ಎಂದಿದ್ದರು ಪಾಪ. ಮೂಗಿನ ಲೆಕ್ಕ ವಾಕಿಂಗಿಗೆ ಹೇಗೆ ಬಂತೋ! ಲಂಡನ್ನಿನಲ್ಲಿ 96 ಮಂದಿಯನ್ನು ಗಮನಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದ ಲೆಕ್ಕ 18ರಿಂದ 254 ದಿನ, ನಡುವಣ ಸಂಖ್ಯೆ 66. ನಮ್ಮ ವರ್ಣಮಾಲೆ 49. ದಿನಕ್ಕೊಂದರಂತೆ ಕಲಿತರೆ ಉಳಿದ 17 ಬೆಳಗು ಕಾಗುಣಿತಕ್ಕೆ.

ನಡುವೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟವಿಲ್ಲವೆಂದೂ ಅದೇ ಅಧ್ಯಯನ ಹೇಳುತ್ತದೆ. 8.12ರ ಲೋಕಲ್ ತಪ್ಪಿದವರು ಮುಂದಿನ ಸೋಮವಾರದವರೆಗೆ ಪ್ಲಾಟ್‌ಫಾರ್ಮಿನಲ್ಲಿ ಕೂರುವುದಿಲ್ಲವಲ್ಲ.

ಕಾಗುಣಿತದ ಹಂತಕ್ಕೆ ಬಂದಾಗ ಮಾತ್ರ ಎಚ್ಚರ ಬೇಕು. ಫಿಲ್ಟರ್ ಮುಚ್ಚಿ, ಪುಸ್ತಕ ಹಿಡಿದು ಹೋದರೆ ಕೋಣೆಯ ಬಾಗಿಲು ಹಾಕಿರಬಹುದು, ಅದರ ಮೇಲೆ ಸೀಮೆಸುಣ್ಣದ ದುಂಡು ಅಕ್ಷರದಲ್ಲಿ ‘ನಾಳೇ ಬಾ’ ಎಂದಿರಬಹುದು. ‘ಳೆ’ಗೆ ದೀರ್ಘ ಬೇಡ ಎಂದು ಅಲ್ಲೇ ತಿದ್ದಿಸಿ. ಅವತ್ತಿನ ಪಾಠ ಅಷ್ಟೇ.