ಅದು ಬಿಟ್ಟ ಊರಲ್ಲ, ಬಿಡಿಸಿದ ಊರು

ನಿನ್ನೆ ಮೂರು ಗಂಟೆ ನಡೆದು ಅಮ್ಮನ ತವರೂರಿಗೆ ಹೋಗಿ ಬಂದೆ. ಕಾಲುನೋವು ಇಳಿದಿದೆ, ಸಿಟ್ಟು ಇಳಿದಿಲ್ಲ. ಬರೆದುಬಿಡುತ್ತೇನೆ.

ನಾವು ಮುಳುಗಡೆಯವರು, ಅಂದರೆ ಅಣೆಕಟ್ಟಿನ ನೀರಿಗೆ ನೆಲ ಕಳೆದುಕೊಂಡವರು ಅನ್ನೋದು ಇಲ್ಲಿ ಹೆಚ್ಚಿನವರಿಗೆ ಗೊತ್ತು. ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಬೇಸಿಗೆ ಕೊನೆಗೆ ಇಳಿದಾಗ ಮಾತ್ರ ಆ ಊರಿಗೆ ಕಾಲುದಾರಿ. ಬಿರುಕು ಬಿಟ್ಟ ಕೆಸರು, ಅದರ ನಡುವೆ ಇಷ್ಟು ವರ್ಷ ನೀರಲ್ಲಿದ್ದೂ ಕೊಳೆಯದೆ ನಿಂತ ಮರದ ಬೊಡ್ಡೆಗಳು, ಅಲ್ಲಲ್ಲಿ ಹಳೇ ಗಾಡಿರಸ್ತೆಯ ಕಲ್ಲು. ದಾಟಿ ಗುಡ್ಡ ಹತ್ತಿದರೆ ಊರು.

ಹತ್ತಿ ನೋಡಿದರೆ ನಮ್ಮಜ್ಜನ ಅಂಗಳದ ತುಳಸಿಕಟ್ಟೆ ಮೇಲೆ ಬೂಟುಗಾಲಲ್ಲಿ ಒಬ್ಬ ಹುಡುಗ ನಿಂತಿದ್ದ. ಇನ್ನಿಬ್ಬರು ಕೆಳಗಿಂದ ರೀಲ್ಸ್ ತೆಗೀತಿದ್ದರು. "ಜನ ಬಿಟ್ಟು ಹೋದ ಊರನ್ನ ಪ್ರಕೃತಿ ವಾಪಸ್ ತಗೊಂಡಿದೆ ಫ್ರೆಂಡ್ಸ್" ಅಂತ ಅವನ ಮಾತು. "ಇಳಿಯಪ್ಪಾ, ಅದು ತುಳಸಿಕಟ್ಟೆ" ಅಂದೆ. "ಇಲ್ಲಿ ಯಾರೂ ಇಲ್ವಲ್ಲ ಸಾರ್, ಎಲ್ಲಾ ಬಿಟ್ಟು ಹೋಗಿದಾರಲ್ಲ" ಅಂದ. ಉಡಾಫೆಯಿಂದ ಅಂದದ್ದಲ್ಲ, ನಿಜವಾಗಿ ಹಾಗೇ ನಂಬಿದ್ದ. ನನಗೆ ಹೊಟ್ಟೆ ಉರಿದದ್ದು ಅದಕ್ಕೇ.

ಬಿಟ್ಟು ಹೋದದ್ದಲ್ಲ ಮಾರಾಯರೇ. ಬಿಡಿಸಿದ್ದು.

ಶರಾವತಿಗೆ ಮೊದಲು ಹಿರೇಭಾಸ್ಕರ ಅಣೆಕಟ್ಟು ಬಂತು, 1948ರಲ್ಲಿ. ನಮ್ಮಜ್ಜನ ಅಕ್ಕನ ಮನೆಯವರು ಆಗಲೇ ಒಮ್ಮೆ ಎದ್ದವರು. ಎದ್ದು ಬಂದು ತಮ್ಮನ ಊರಲ್ಲಿ ನೆಲೆನಿಂತರು. 1964ಕ್ಕೆ ಲಿಂಗನಮಕ್ಕಿ. ಈ ಸಲ ಹಳೇ ಅಣೆಕಟ್ಟೇ ನೀರೊಳಗೆ ಹೋಯಿತು, ಅಕ್ಕನ ಮನೆಯವರು ಎರಡನೇ ಸಲ ಗಂಟುಮೂಟೆ ಕಟ್ಟಿದರು. ಅಣೆಕಟ್ಟು ತುಂಬಿದಾಗ ನೀರಿನ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಅಜ್ಜನ ಮನೆ ಅದಕ್ಕಿಂತ ಸ್ವಲ್ಪ ಮೇಲಿತ್ತು. ಹಾಗಾಗಿ ಮನೆ ಮುಳುಗಲಿಲ್ಲ. ಕೆಳಗಿದ್ದ ಗದ್ದೆ ಮುಳುಗಿತು, ತೋಟ ಮುಳುಗಿತು, ಸಂತೆಗೆ ಹೋಗೋ ದಾರಿ ಮುಳುಗಿತು. ಎರಡು ಮಳೆಗಾಲ ಅಜ್ಜ ಹಠ ಹಿಡಿದು ಅಲ್ಲೇ ಇದ್ದರು. ಗದ್ದೆಯಿಲ್ಲದ ಮನೆಯಲ್ಲಿ ಏನು ತಿಂದು ಬದುಕೋದು? ಮೂರನೇ ವರ್ಷ ಲಾರಿ ಹತ್ತಿದರು. ಅಮ್ಮನಿಗೆ ಆಗ ಒಂಬತ್ತು ವರ್ಷ.

ಲಾರಿ ಇಳಿಸಿದ್ದು ಕಾಡಲ್ಲಿ. "ಇಲ್ಲಿಂದ ಅಲ್ಲೀವರೆಗೆ ನಿಮ್ಮದು" ಅಂದರಂತೆ. ಬಾಯಿಮಾತಲ್ಲಿ ನಮ್ಮದಾಯಿತು, ದಾಖಲೆಯಲ್ಲಿ ಅರಣ್ಯವಾಗಿಯೇ ಉಳಿಯಿತು. 1980ರಲ್ಲಿ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಕೇಂದ್ರದ ಒಪ್ಪಿಗೆ ಇಲ್ಲದೆ ಅದನ್ನು ಬಿಡಿಸಿಕೊಡೋ ಹಾಗೂ ಇಲ್ಲ. ಅಜ್ಜ ಹಕ್ಕುಪತ್ರ ನೋಡದೇ ಹೋದರು. ಮಾವ ಈಗಲೂ ಪ್ಲಾಸ್ಟಿಕ್ ಚೀಲದಲ್ಲಿ ಅರ್ಜಿಗಳ ನಕಲು ಇಟ್ಟುಕೊಂಡು ಕಚೇರಿ ಅಲೀತಾರೆ. ಹಿನ್ನೀರಿನ ಆಚೆ ತುಮರಿ ಕಡೆ ಗಟ್ಟಿಯಾಗಿ ಕೂತವರು ಲಾಂಚ್ (ಹಿನ್ನೀರು ದಾಟಿಸೋ ದೊಡ್ಡ ದೋಣಿ) ನಂಬಿ ಬದುಕಿದರು. ಅವರಿಗೆ ಸೇತುವೆ ಸಿಗೋಕೆ 2025ರ ಜುಲೈ ಬೇಕಾಯಿತು.

"ಆದರೂ ಕಾಡು ಬೆಳೆದಿದೆಯಲ್ಲ, ಒಳ್ಳೇದೇ ಅಲ್ವಾ?" ಅಂತ ನೀವು ಕೇಳಬಹುದು. ಕಾಡು ಬೇಡ ಅಂತ ಮಲೆನಾಡಿನವನು ಹೇಗೆ ಹೇಳಲಿ? ಕಾಡು ಕಾಯ್ದುಕೊಂಡು ಬದುಕಿದವರು ನಾವು. ಆದರೆ ಆ ಹುಡುಗ ಪ್ರಕೃತಿ ಅಂತ ತೋರಿಸುತ್ತಿದ್ದ ಗುಡ್ಡ ಪೂರ್ತಿ ಅಕೇಶಿಯಾ. ಅದು ತಾನಾಗಿ ಬಂದದ್ದಲ್ಲ, ಸಾಲು ಹಿಡಿದು ನೆಟ್ಟದ್ದು. ಅದೇ ಗುಡ್ಡ ಅಜ್ಜನ ಕಾಲದಲ್ಲಿ ಸೊಪ್ಪಿನಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರೋ ಕಾಡು. ಮತ್ತಿ, ನೇರಳೆ, ಮುರುಗಲು ಮರ ಎಲ್ಲ ಇತ್ತಂತೆ. ಇನ್ನು "ರಾಜ್ಯಕ್ಕೆ ಬೆಳಕು ಬಂತಲ್ಲ" ಅನ್ನೋದು. ಬಂತು. ಶರಾವತಿ ವಿದ್ಯುದಾಗಾರ ಒಂದೇ 1035 ಮೆಗಾವಾಟಿನದು. ಹಾಗಂತ ದೀಪ ಹಚ್ಚಲು ಮನೆ ಕೊಟ್ಟವರನ್ನು "ಬಿಟ್ಟು ಹೋದವರು" ಅನ್ನಬೇಕಾ?

ಹುಡುಗರು ಹೋದ ಮೇಲೆ ಒಬ್ಬನೇ ಮನೆಯೊಳಗೆ ತಿರುಗಿದೆ. ಮಾಡು ಯಾವತ್ತೋ ಬಿದ್ದಿದೆ. ಜಂಬಿಟ್ಟಿಗೆ ಗೋಡೆಯನ್ನು ಗೋಳಿಮರದ ಬೇರು ತಬ್ಬಿ ಹಿಡಿದಿದೆ, ಆ ಬೇರಿಲ್ಲದಿದ್ದರೆ ಗೋಡೆಯೂ ಇರುತ್ತಿರಲಿಲ್ಲ. ಜಗುಲಿ ಪಕ್ಕ ದೀಪ ಇಡೋ ಗೂಡು. ಬೇರಿನ ಮರೆಗೆ ಸಿಕ್ಕು ಮಳೆ ತಾಗಿಲ್ಲ. ಒಳಗೆ ಬೆರಳಾಡಿಸಿದೆ, ಬೆರಳ ತುದಿ ಕಪ್ಪಾಯಿತು. ಅಜ್ಜಿ ಹಚ್ಚಿದ ದೀಪದ ಮಸಿ. ಅಡುಗೆಮನೆಯ ಒರಳಲ್ಲಿ ದರಕು (ಒಣಗಿದ ಎಲೆ) ತುಂಬಿತ್ತು, ಎತ್ತಿ ಹಾಕಿದೆ. ಹಿತ್ತಲ ಇಳಿಜಾರಲ್ಲಿ ಅಡಿಕೆ ಮರಗಳು ಪೊದೆ ಮೀರಿ ಎದ್ದಿವೆ. ನೆಟ್ಟವಲ್ಲ, ಬಿದ್ದ ಗೋಟಿನಿಂದ (ಹಣ್ಣಾಗಿ ಒಣಗಿದ ಅಡಿಕೆಯಿಂದ) ಹುಟ್ಟಿದವು. ಕೊಯ್ಯುವವರಿಲ್ಲದೆ ಉದುರಿ ಮತ್ತೆ ಮೊಳೆತಿವೆ.

ಒಂದು ಮಾತು ಹೇಳಲೇಬೇಕು. ಎಂಟು ವರ್ಷದ ಹಿಂದೆ ಮೊದಲ ಸಲ ಅಲ್ಲಿಗೆ ಹೋದಾಗ ಇದೇ ಗೋಡೆಯ ಫೋಟೋ ಹಾಕಿ "ಕಾಡಿನ ಮಡಿಲಲ್ಲಿ ಮಲಗಿದ ಊರು" ಅಂತ ಬರೆದವನು ನಾನೇ. ನಿಮ್ಮಲ್ಲಿ ಎಷ್ಟೋ ಜನ ಲೈಕ್ ಒತ್ತಿದ್ರಿ. ಅಮ್ಮ ನನ್ನ ಫೋನಲ್ಲಿ ನೋಡಿದರು. ಬೈಯಲಿಲ್ಲ. "ಆ ಗೋಡೆ ಕಂಡಿತಲ್ಲ, ಅದು ನಾನು ಹುಟ್ಟಿದ ಕೋಣೆ ಕಣೋ" ಅಂದು ಎದ್ದು ಹೋದರು. ಆ ಪೋಸ್ಟ್ ಅವತ್ತೇ ಅಳಿಸಿದೆ. ಅದಕ್ಕೇ ನಿನ್ನೆ ಆ ಹುಡುಗನಿಗೆ ಜೋರು ಮಾಡಲು ಬಾಯಿ ಬರಲಿಲ್ಲ. ಕೂರಿಸಿ ಲಾರಿಯ ಕಥೆ ಹೇಳಿದೆ. ಕಟ್ಟೆಯಿಂದ ಇಳಿದ, ಚಿಪ್ಸ್ ಪೊಟ್ಟಣಗಳನ್ನು ಹೆಕ್ಕಿ ಬ್ಯಾಗಿಗೆ ಹಾಕಿಕೊಂಡ. ವಿಡಿಯೋ ಅಳಿಸಿದನೋ ಇಲ್ಲವೋ, ಕೇಳಲಿಲ್ಲ.

ಹೋಗುವವರು ಹೋಗಿ, ಬೇಡ ಅನ್ನಲ್ಲ. ಕಟ್ಟೆ ತುಳಿಯಬೇಡಿ. ಒರಳು, ಬೀಸುಕಲ್ಲು ಅಲಂಕಾರಕ್ಕೆ ಅಂತ ಹೊತ್ತು ತರಬೇಡಿ. ಕೆಳಗೆ ಬಂದ ಮೇಲೆ ಆ ಊರಿನ ಹೆಸರು ಕೇಳಿ ತಿಳಿದುಕೊಳ್ಳಿ, ಹೇಳುವವರು ಇನ್ನೂ ಇದ್ದಾರೆ.

ರಾತ್ರಿ ಅಮ್ಮನಿಗೆ ದೀಪದ ಗೂಡಿನ ಮಸಿ ವಿಷಯ ಹೇಳಿದೆ. ಇಷ್ಟು ವರ್ಷ ಕರೆದರೂ ಒಲ್ಲೆ ಅಂದವರು, "ಅಷ್ಟು ದೂರ ನನ್ನ ಮಂಡಿ ಕೇಳತ್ತಾ?" ಅಂದರು. ಬರೋ ಭಾನುವಾರ ಹೊರಟಿದ್ದೇವೆ. ಮಳೆ ಹಿಡಿದು ಹಿನ್ನೀರು ಏರಿದರೆ ದಾರಿ ಮತ್ತೆ ಮುಚ್ಚುತ್ತದೆ.